ಅಜ್ಜನ ಮೊದಲ ಡಾಲರು

ಮರ್ಲ್ ಸ್ಟಬಲ್‌ಫೀಲ್ಡ್‌ನ ನೆಮ್ಮದಿ ಕೆಡಿಸಿದ್ದು ಅವನ ಕ್ಷೌರದಂಗಡಿಯ ಗೋಡೆಯ ಮೇಲಿನ ಒಂದು ಡಾಲರ್ ನೋಟು. 1937ರಲ್ಲಿ ಅಂಗಡಿ ತೆರೆದ ದಿನ ಅಜ್ಜನಿಗೆ ಸಿಕ್ಕ ಮೊದಲ ಸಂಪಾದನೆಯೆಂದು ಅದಕ್ಕೆ ಗಾಜಿನ ಚೌಕಟ್ಟು ಹಾಕಲಾಗಿತ್ತು. ಪಂಚಾಯಿತಿಗೆ ಸೇರಿದ ಆ ಮಳಿಗೆಯ ಮೇಲೆ ಈಗ ಕಾಫಿ ಕಂಪನಿಯೊಂದರ ಕಣ್ಣು ಬಿದ್ದಿತ್ತು. ಸಂಜೆಯ ಸಭೆಯಲ್ಲಿ 'ಊರಿನ ಹಳೆಯ ಅಂಗಡಿ' ಎಂಬ ಮನ್ನಣೆ ಸಿಕ್ಕರಷ್ಟೇ ಮರ್ಲ್‌ಗೆ ಉಳಿಗಾಲ; ಅದಕ್ಕೆ ಅವನ ಬಳಿಯಿದ್ದ ಸಾಕ್ಷಿ ಆ ನೋಟೊಂದೇ.

ಪಂಚಾಯಿತಿಯ ಮೂವರು ಸದಸ್ಯರಲ್ಲಿ ಇಬ್ಬರು ಬೆಳಿಗ್ಗೆ ಅಂಗಡಿಯಲ್ಲೇ ಇದ್ದರು. ಚರ್ಚಿನ ಹಿರಿಯ ಕ್ಲೋವಿಸ್ ರ‍್ಯಾಟ್ಲಿಫ್ ಕುರ್ಚಿಯಲ್ಲಿ, ನಿವೃತ್ತ ಮೇಷ್ಟ್ರು ಹೊಬಾರ್ಟ್ ಫಿನ್ನಿ ಬೆಂಚಿನ ಮೇಲೆ. ಪಂಚಾಯಿತಿ ಬಾಗಿಲ ಮೇಲೆ, ಡಾಲರ್ ನೋಟಿನ ಹಿಂದೆ ಅಚ್ಚಾಗಿರುವಂತೆ, 'ದೇವರಲ್ಲಿ ನಮ್ಮ ನಂಬಿಕೆ' ಎಂದು ಬರೆಸಬೇಕೆಂದು ಕ್ಲೋವಿಸ್, ಕೂಡದೆಂದು ಮೇಷ್ಟ್ರು.

"ಡಾಲರ್ ಮೇಲೇ ದೇವರಿದಾನೆ, ಬಾಗಿಲ ಮೇಲಿದ್ರೆ ನಿಮಗ್ಯಾಕ್ರೀ ಹೊಟ್ಟೆಯುರಿ?"

"ಸರ್ಕಾರದ ಬಾಗಿಲು ನಂಬೋರ್ದೂ ಹೌದು, ನಂಬದೇ ಇರೋರ್ದೂ ಹೌದು. ನಿಮ್ಮ ಚರ್ಚಿನ ಬಾಗಿಲಿಗೆ ಬೇಕಾದ್ರೆ ಹತ್ತು ಸಲ ಬರೆಸ್ಕೊಳ್ಳಿ."

"ನೀನೇನಂತೀಯೋ ಮರ್ಲ್?"

"ನೀವಿಬ್ರೂ ಹೇಳೋದು ಸರೀನೇ," ಎಂದು ಮರ್ಲ್ ಅಡ್ಡಗೋಡೆಯ ಮೇಲೆ ದೀಪವಿಟ್ಟ. ಅವನಿಗೆ ಇಬ್ಬರ ವೋಟೂ ಬೇಕಿತ್ತು.

ಕ್ಲೋವಿಸ್ ಚೌಕಟ್ಟಿನತ್ತ ಬೆರಳು ಮಾಡಿದರು. "ಇವನಜ್ಜನ ನೋಟನ್ನೇ ತಿರುಗಿಸಿ ನೋಡಿ. ಹಿಂದುಗಡೆ ದೇವರ ಹೆಸರಿಲ್ದಿದ್ರೆ ನನ್ನ ಠರಾವು ವಾಪಸ್!"

"ಆಗ ನಾಣ್ಯದ ಮೇಲಷ್ಟೇ ಇತ್ತು ಸ್ವಾಮಿ. ನೋಟಿಗೆ ಬಂದದ್ದು ಐವತ್ತೇಳರಲ್ಲಿ. ಆ ನೋಟಲ್ಲಿದ್ರೆ ನಾನೇ ಏಣಿ ಹತ್ತಿ ಬರೀತೀನಿ. ಮರ್ಲ್, ಸಂಜೆ ಚೌಕಟ್ಟು ತಗೊಂಡ್ಬಾ."

ಕತ್ತರಿ ಜಾರಿ ಕ್ಲೋವಿಸ್ ಅವರ ಕಿವಿಯ ಹಿಂದೆ ಒಂದು ಬೋಳು ತೇಪೆ ಬಿತ್ತು. ಮರ್ಲ್‌ನ ಕತ್ತರಿ ಜಾರಿದ್ದಕ್ಕೆ ಕಾರಣವಿತ್ತು. ಹದಿನಾರರ ಪ್ರಾಯದಲ್ಲಿ ಅಜ್ಜನ ನೋಟನ್ನು ಕದ್ದು ಒಬ್ಬ ಹುಡುಗಿಗೆ ಐಸ್‌ಕ್ರೀಮ್ ಕೊಡಿಸಿದ್ದ. ಮಾರನೆಯ ವಾರ ಚೌಕಟ್ಟಿನೊಳಗೆ ಬೇರೆ ನೋಟು ಇಟ್ಟಿದ್ದ, ಹೊಚ್ಚ ಹೊಸದು. ಅದರ ಹಿಂದೆ ದೇವರಿದ್ದಾನೆ. ಅಂದರೆ ಅದು ಅಜ್ಜನದಲ್ಲವೆಂದು ಮೇಷ್ಟ್ರು ಹಿಡಿಯುವುದು ಖಂಡಿತ, ಅಂಗಡಿ ಹೋಗುವುದೂ ಖಂಡಿತ.

ಮಧ್ಯಾಹ್ನ ಅಂಗಡಿ ಮುಚ್ಚಿ ಪಕ್ಕದೂರಿನ ಹಳೆಸಾಮಾನಿನ ವ್ಯಾಪಾರಿಯ ಬಳಿಗೆ ಓಡಿದ. ಮೂವತ್ತೈದನೇ ಇಸವಿಯ ನೋಟೇನೋ ಇತ್ತು, ಆದರೆ ಅದನ್ನು ಹುಲ್ಲು ತುಂಬಿದ, ಸತ್ತ ರಕೂನೆಂಬ ಕಾಡುಪ್ರಾಣಿಯೊಂದರ ಕೈಗೆ ಹೊಲಿಯಲಾಗಿತ್ತು.

"ಬರೀ ನೋಟು ಕೊಡಲ್ಲಪ್ಪ. ಪ್ರಾಣಿ ಸಮೇತ ತಗೋ."

ರಕೂನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮರ್ಲ್ ಊರಿಗೆ ಮರಳಿದ. ನೋಟು ಬದಲಾಯಿಸಿ, ಚೌಕಟ್ಟು ಒರೆಸಿ, ಸಭೆಗೆ ಹೋದ.

ಅಧ್ಯಕ್ಷೆ ಒಡೆಸ್ಸಾ ಕ್ರಂಪ್ ಎಲ್ಲರೆದುರು ಚೌಕಟ್ಟು ಬಿಚ್ಚಿ ನೋಟು ತಿರುಗಿಸಿದರು. "ದೇವರ ಹೆಸರಿಲ್ಲ."

ಮೇಷ್ಟ್ರು ಮೀಸೆ ತಿರುವಿದರು. ಕ್ಲೋವಿಸ್ ಎದ್ದೇ ನಿಂತರು.

"ಸಾಧ್ಯವೇ ಇಲ್ಲ! ಅದ್ರೊಳಗಿರೋದು ಹೊಸ ನೋಟು!"

"ನಿಮಗೆ ಹೇಗ್ರೀ ಗೊತ್ತು?" ಮೇಷ್ಟ್ರು ಕೇಳಿದರು.

ಕ್ಲೋವಿಸ್ ತಮ್ಮ ಬೈಬಲ್ಲಿನೊಳಗಿಂದ ಗುರುತಿಗೆ ಇಟ್ಟಿದ್ದ ಹಳೆಯ ನೋಟೊಂದನ್ನು ತೆಗೆದರು. "ಅಂಗಡಿಯ ಮೊದಲ ಗಿರಾಕಿ ನಮ್ಮಪ್ಪ. ಹಿಂದುಗಡೆ ರುಜು, ತಾರೀಕು ಹಾಕಿ ಕೊಟ್ಟಿದ್ರು. ಆಮೇಲೆ ನಮ್ಮ ಐಸ್‌ಕ್ರೀಮ್ ಅಂಗಡಿಗೆ ಈ ಮಹಾನುಭಾವ ಅದೇ ನೋಟು ತಂದ. ಅಪ್ಪ ಕಂಡುಹಿಡಿದು ಎತ್ತಿಟ್ರು."

ಮರ್ಲ್ ಆ ರುಜುವನ್ನು ನೋಡಿಯೇ ಇರಲಿಲ್ಲ. ಅಂದು ಅವನ ಕಣ್ಣಿದ್ದದ್ದು ಹುಡುಗಿಯ ಮೇಲೆ.

"ಹಾಗಾದ್ರೆ ಚೌಕಟ್ಟಲ್ಲಿ ಹೊಸ ನೋಟಿದೆ ಅಂತ ಗೊತ್ತಿದ್ದೇ ಪಂಥ ಕಟ್ಟಿದ್ರಾ?" ಎಂದರು ಮೇಷ್ಟ್ರು. ಬೈಬಲ್ಲಿನ ನೋಟನ್ನೂ ತಿರುಗಿಸಿ ನೋಡಿದರು. ಅದರಲ್ಲೂ ದೇವರಿರಲಿಲ್ಲ. ಬಾಗಿಲ ಬರಹದ ಠರಾವು ಬಿದ್ದುಹೋಯಿತು.

ಮರ್ಲ್‌ಗೆ ಆಸೆ ಚಿಗುರಿತು. "ಅಂಗಡಿ ಮೂವತ್ತೇಳರದ್ದೇ ಅಂತ ಈ ರುಜುವಿನಿಂದ ಸಾಬೀತಾಯ್ತಲ್ಲ ಮೇಷ್ಟ್ರೇ!"

"ಆಯ್ತಪ್ಪ. ಆದ್ರೆ ಸುಳ್ಳು ಸಾಕ್ಷಿ ತಂದವನ ಅರ್ಜಿ ಕಾನೂನು ಪ್ರಕಾರ ವಜಾ."

"ಸುಳ್ಳು ಸಾಕ್ಷಿ ಹೇಳಬೇಡ ಅಂತ ದೇವರ ಆಜ್ಞೆಯೂ ಇದೆ," ಎಂದರು ಕ್ಲೋವಿಸ್, ಬೋಳು ತೇಪೆಯನ್ನು ಸವರಿಕೊಳ್ಳುತ್ತ.

ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಕೈಯೆತ್ತಿದರು. ಮಳಿಗೆ ಕಾಫಿ ಕಂಪನಿಗೆ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ; ಇಲ್ಲಿ ಕೂಸು ಬಡವಾದದ್ದು ಅವರು ರಾಜಿಯಾದ ಮೇಲೆ. ಮರ್ಲ್ ಹೊರಬಂದು ಗಾಡಿಯ ಬಾಗಿಲು ತೆರೆದ. ಪಕ್ಕದ ಸೀಟಿನಲ್ಲಿ ರಕೂನು ಖಾಲಿ ಕೈ ಚಾಚಿಕೊಂಡು ಕೂತಿತ್ತು.