ಎಂಟು ಹಲ್ಲಿನ ಜೋಡಿ

ಎರಡು ಸಂಖ್ಯೆ ಕೂಡಿಸಿದರೆ ಎಂಟು ಬರಬೇಕು. ಗೋಕಾಕದಲ್ಲಿ ಗಣಿತದ ಟ್ಯೂಶನ್ ಹೇಳುವ ನನ್ನಂಥವನಿಗೆ ಇದೆಂಥ ದೊಡ್ಡ ಲೆಕ್ಕ? ಚಹಾ ಆರುವುದರೊಳಗೆ ಬಿಡಿಸಿಬಿಡುತ್ತೇನೆಂದು ಕುಲಗೋಡದಲ್ಲಿ ಮಾವನವರ ಮನೆಯ ಕಟ್ಟೆಯ ಮೇಲೆ ಎದೆಯುಬ್ಬಿಸಿ ಕುಳಿತಿದ್ದೆ.

ನಾಗನೂರಿನಲ್ಲಿ ಎತ್ತಿನ ಗಾಡಿ ಶರ್ಯತ್ತು. ಒಂದು ನಿಮಿಷದಲ್ಲಿ ಹೆಚ್ಚು ದೂರ ಓಡಿದ ಗಾಡಿಗೆ ಗೆಲುವು. ಎತ್ತಿನ ವಯಸ್ಸು ತಿಳಿಯುವುದು ಹಾಲುಹಲ್ಲು ಬಿದ್ದು ಜೋಡಿಯಾಗಿ ಬರುವ ಹೊಸ ಹಲ್ಲಿನಿಂದ. ಆದ್ದರಿಂದ ಜೋಡಿಯ ಹಲ್ಲು ಒಟ್ಟು ಎಂಟೇ ಇರಬೇಕೆಂದು ಈ ಸಲದ ನಿಯಮ. ಮಾವನವರ ಎತ್ತುಗಳಿಗೆ ತಲಾ ನಾಲ್ಕು ಹಲ್ಲು. ಆದರೆ ಒಂದಕ್ಕೆ ಕಾಲುನೋವು ಬಂತು! ಹೋದ ವರ್ಷ ಗೆದ್ದಿದ್ದ ಮಾವನವರು ಊಟ ಬಿಟ್ಟು ಅಂಗಳದಲ್ಲಿ ಅತ್ತಿಂದಿತ್ತ ತಿರುಗತೊಡಗಿದರು.

“ನಾಲ್ಕ ಹಲ್ಲಿಂದು ಎಲ್ಲೂ ಸಿಗವಲ್ದು. ಈ ಸಲ ಮಾನ ಹೋತು!”

“ನಾಲ್ಕನ ಯಾಕ ಬೇಕ್ರಿ, ಮಾವಾರ? ಆರೂ ಎರಡೂ ಎಂಟು. ಐದೂ ಮೂರೂ ಎಂಟು. ಏಳೂ ಒಂದೂ ಎಂಟು!”

ನನ್ನ ಹೆಂಡತಿ ಶಾಂತಾ ಬಾಗಿಲಿಗೆ ಬಂದಳು. “ಒಂದ ಹಲ್ಲಿನಾಕಿ ನಮ್ಮ ಅಜ್ಜಿ ಒಬ್ಬಾಕಿನ ಅದಾಳ್ರಿ. ಕಟ್ತೀರೇನು ನೊಗಕ್ಕ?”

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬೈಕ್ ಹತ್ತಿದೆ. ಮೂಡಲಗಿಯ ಗೆಳೆಯನ ಬಳಿ ಆರು ಹಲ್ಲಿನದು ಸಿಕ್ಕಿತು. ಎರಡು ಹಲ್ಲಿನದಕ್ಕಾಗಿ ಹುಕ್ಕೇರಿಗೆ ಓಡಿದೆ. ಎರಡನ್ನೂ ಟೆಂಪೊದಲ್ಲಿ ತರಿಸಿ, ನೇರವಾಗಿ ನಾಗನೂರಿನ ಮೈದಾನದಲ್ಲೇ ಇಳಿಸಿದೆ.

ಮಾವನವರ ಮುಖ ಸಪ್ಪಗಾಯಿತು. “ಅಳಿಯಂದಿರ, ಇವು ಒಮ್ಮೆನೂ ಜೋಡೀಲೆ ನಡದಿಲ್ಲ. ಹೆಜ್ಜಿ ಹೊಂದಬೇಕಲ್ರಿ?”

“ಲೆಕ್ಕ ಹೊಂದೇತ್ರಿ, ಮಾವಾರ!”

ಪಂಚರು ಎರಡರ ಬಾಯನ್ನೂ ತೆರೆದು ಎಣಿಸಿದರು. “ಎಂಟು! ಸರಿ ಐತಿ.” ಆ ದಿನ ನನಗೆ ದಕ್ಕಿದ ಗೆಲುವು ಇದೊಂದೇ!

ಸೀಟಿ ಊದಿದರು. ಮೂಡಲಗಿಯದು ಮುಂದಕ್ಕೆ ಹಾರಿತು. ಹುಕ್ಕೇರಿಯದು ಬೆದರಿ ಅಲ್ಲೇ ನಿಂತಿತು. ದೊಡ್ಡದು ಜಗ್ಗಿದಂತೆಲ್ಲ ಗಾಡಿ ಸುತ್ತು ಹಾಕಿ, ಪೂರ್ತಿ ಹಿಂದಕ್ಕೆ ಮುಖ ಮಾಡಿತು. ಆಗ ಚಿಕ್ಕದಕ್ಕೆ ತಾನು ಬಂದ ಟೆಂಪೊ ಕಾಣಿಸಬೇಕೇ! ಅದು ಟೆಂಪೊ ಕಡೆ ಓಟ ಕಿತ್ತಿತು, ದೊಡ್ಡದೂ ಜೊತೆಗೂಡಿತು. ಈಗ ಹೆಜ್ಜೆ ಚೆನ್ನಾಗಿಯೇ ಹೊಂದಿತ್ತು! ಗಾಡಿಯ ಮೇಲಿದ್ದ ಮಾವನವರು ಹಗ್ಗ ಹಿಡಿದು “ಹೋ! ಹೋ!” ಎಂದು ಕೂಗುತ್ತಲೇ ಶುರುವಿನ ಗೆರೆ ದಾಟಿ ಹಿಂದಕ್ಕೆ ಹೋದರು. ಮೈಕಿನವನು ಮೈಕ್ ಸಮೇತ ಟೇಬಲ್ ಹತ್ತಿದ.

ನಿಮಿಷ ಮುಗಿಯಿತು. ಟೇಪು ಹಿಡಿದರು. ಟೇಬಲ್ ಮೇಲಿಂದಲೇ ಘೋಷಣೆಯಾಯಿತು: “ಕುಲಗೋಡದ ಗಾಡಿ, ಗೆರಿಯಿಂದ ಹಿಂದಕ್ಕ ಇನ್ನೂರು ಫೂಟ!”

ಗುಂಪಿನಲ್ಲಿದ್ದ ನನ್ನ ಟ್ಯೂಶನ್ ಹುಡುಗಿಯೊಬ್ಬಳು ಕೂಗಿದಳು: “ಸರ್, ಮೈನಸ್ ಇನ್ನೂರು!”

ಉತ್ತರ ಸರಿಯಾಗಿತ್ತು. ಶಾಬಾಸ್ ಅನ್ನುವ ಧೈರ್ಯ ನನಗಿರಲಿಲ್ಲ.

ನಾನು ಸುಮ್ಮನಿರಬಾರದೇ? ಮನೆ ಮುಟ್ಟಿದ್ದೇ ತಡ, “ಏನಾದ್ರೂ ಒಟ್ಟು ಎಂಟ ಇತ್ತಲ್ರಿ, ಮಾವಾರ” ಎಂದುಬಿಟ್ಟೆ.

ಅವರು ರುಮಾಲಿನ ಧೂಳು ಕೊಡವಿ ಮಗಳ ಕಡೆ ತಿರುಗಿದರು.

“ಅವ್ವಾ ಶಾಂತಾ, ನಿನಗ ಜೋಡಿ ಹುಡುಕೂ ಮುಂದ ಬರೇ ಇವರ ಡಿಗ್ರಿ ನೋಡಿದೆ. ಹಲ್ಲು ನೋಡಬೇಕಿತ್ತು!”

ನಾನು ಬಾಯಿ ಮುಚ್ಚಿಕೊಂಡೆ.