ಬೋಲ್ಟಿನ ತೂತು, ಬಸ್ಸು ತಳ್ಳುವ ಜನ

ಎಂಜಿನ್ನು ಬಿಚ್ಚಿಟ್ಟ ಕಡೆ ಬುದ್ಧಿ ಹೇಳಲು ಊರೇ ಸೇರುತ್ತದೆ. ಕೆಟ್ಟು ನಿಂತಾಗ ತಳ್ಳಲು ಮಾತ್ರ ಬಡವರೇ ಬೇಕು. ಹುಣಸೂರಿನ ಬಸ್ ಷೆಡ್ಡಿನಲ್ಲಿ ಫಿಟ್ಟರಾಗಿದ್ದಷ್ಟು ಕಾಲವೂ ನಾನು ಕಂಡದ್ದು ಇದನ್ನೇ.

ಕಡಾಣಿ

ನಮ್ಮ ಡ್ರೈವರು ಮೊದಲು ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಎಂಜಿನ್ನಿನ ಮುಚ್ಚಳದ ಬೋಲ್ಟು ಸೊಟ್ಟಗೆ ಕೂತರೆ, ಬಿಚ್ಚಿ ತಿರುಗಿಸುವ ಬದಲು ಸುತ್ತಿಗೆಯಲ್ಲಿ ಬಡಿದ. ತೂತಿನೊಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಥ್ರೆಡ್ಡೆಲ್ಲ ಪುಡಿ.

"ಏನ್ಲಾ ಮಾಡ್ದೆ?"

"ಗಾಡಿ ಚಕ್ರ ಕಳಚ್ದಂಗೆ ಕಡಾಣೀನ ಇಂಗೇ ಅಲ್ವೇನಣ್ಣ ಒಡೆಯೋದು?"

"ಇದು ಗಾಡಿ ಅಲ್ಲ ಕಣ್ಲಾ, ಎಂಜಿನ್ನು."

"ಗೊತ್ತು ಬುಡಣ್ಣ. ಅದುಕ್ಕೇ ಇನ್ನೂ ಜೋರಾಗಿ ಒಡ್ದೆ."

ಗಾರೆ

ಮಾಲೀಕನಿಗೆ ಹೇಳಿದೆ: "ತೂತನ್ನ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ಡು ಹಾಕಿ, ಬುಷ್ಷು ಅಂತ ಹಿತ್ತಾಳೆ ಕೊಳವೆ ತಿರುಗಿಸಿ ಕೂರಿಸಬೇಕು. ಬುಷ್ಷಿನ ಒಳಗೆ ಹಳೇ ಅಳತೆ ಥ್ರೆಡ್ಡು. ಅಲ್ಲೀಗಂಟ ಬಸ್ಸು ನಿಲ್ಲಲಿ."

"ನಿಲ್ಲಿಸೋ ಮಾತೇ ಇಲ್ಲ. ನಮ್ಮಪ್ಪ ಮನೆ ಕಟ್ಟಿದ್ದು ಸುಣ್ಣ ಬೆಲ್ಲದ ಗಾರೇಲಿ. ಇವತ್ತಿಗೂ ಅಲ್ಲಾಡಿದ್ಯಾ?"

ತೂತಿಗೆ ನಾರು ತುರುಕಿ ಗಾರೆ ಮೆತ್ತಿಸಿ, ಜೊತೆಗಿರಲೆಂದು ನನ್ನನ್ನೂ ಬಸ್ಸು ಹತ್ತಿಸಿದ. ಪಿರಿಯಾಪಟ್ಟಣದ ದಾರಿಯ ಮೊದಲ ಏರಿನಲ್ಲೇ ಬೋಲ್ಟು ಎದ್ದು ಎಂಜಿನ್ನು ಉಸ್ಸೆಂದಿತು. ಟಿಕೀಟು ಕೊಂಡವರೇ ಇಳಿದು ತಳ್ಳಿದರು. ಮುಂದಿನ ಸೀಟಿನ ಸಾಹೇಬರೊಬ್ಬರು ಅಲ್ಲಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ನೀವೂ ಇಳೀರಿ ಸ್ವಾಮಿ."

"ನಾನೂ ಇಳಿದ್ರೆ ಇವ್ರು ಯಾರನ್ನಯ್ಯಾ ತಳ್ತಾರೆ?"

ಏರು

ಆಮೇಲೆ ಅದೇ ಪದ್ಧತಿಯಾಯಿತು. ಏರು ಬಂದರೆ ಯಾರೂ ಹೇಳದೆ ಇಳಿಯುವುದು, ತಳ್ಳುವುದು. ಬಸುರಿಯರೂ ಬಿಸಿಲಲ್ಲಿ ನಡೆದರು. "ತಳ್ಳಬೇಡಿ, ಕಾಸು ಕೊಟ್ಟಿದ್ದೀರಿ" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಯಿತು. ಅವರು ನನ್ನನ್ನು ಹುಚ್ಚನ ಹಾಗೆ ನೋಡಿ ತಳ್ಳಿದರು.

ಕೊನೆಗೆ ಷೆಡ್ಡಿನ ಫಿಟ್ಟರುಗಳೆಲ್ಲ ಸ್ಪ್ಯಾನರು ಕೆಳಗಿಟ್ಟು ಬಾಗಿಲಲ್ಲಿ ಕೂತೆವು. ಬುಷ್ಷು ಹಾಕದೆ ಇನ್ನೊಂದು ಬೋಲ್ಟು ಮುಟ್ಟುವುದಿಲ್ಲ ಎಂದೆವು. ಬೈದು, ಬೆದರಿಸಿ, ಕಡೆಗೆ ಮಾಲೀಕ ಒಪ್ಪಿದ. ಕೊರೆದೆವು, ಥ್ರೆಡ್ಡು ಹಾಕಿದೆವು, ಬುಷ್ಷು ಕೂರಿಸಿದೆವು. ಬೋಲ್ಟು ಕಲ್ಲು ಕಚ್ಚಿದ ಹಾಗೆ ಕೂತಿತು.

ಮೊದಲ ದಿನ ಮಾಲೀಕನೇ ಹಾರ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತ, ಬುಷ್ಷು ತಾನೇ ಕಡೆದವನಂತೆ. ಏರು ಬಂತು. ಡ್ರೈವರು ರೂಢಿಯಂತೆ ನಿಲ್ಲಿಸಿದ. ಜನವೂ ರೂಢಿಯಂತೆ ಇಳಿದು ಹಿಂದೆ ಸಾಲಾಗಿ ನಿಂತರು. ನಾನು ಹಾರಿ ಇಳಿದು, "ಹತ್ರಪ್ಪಾ, ಇನ್ನು ತಳ್ಳೋ ಹಂಗಿಲ್ಲ" ಎನ್ನುವಷ್ಟರಲ್ಲಿ ಬಸ್ಸು ಗುರ್ರೆಂದು ಏರು ಹತ್ತಿ, ಮಾಲೀಕನೊಬ್ಬನನ್ನೇ ಹೊತ್ತು ಆಚೆ ಇಳಿದು ಕಾಣದಾಯಿತು.

ಧೂಳಿನಲ್ಲಿ ನಿಂತ ನಮ್ಮ ನಡುವಿನಿಂದ ಒಬ್ಬ ಅಜ್ಜಿ ನನ್ನ ಕಡೆ ತಿರುಗಿದಳು. "ಎಂತಾ ಕೆಲ್ಸ ಮಾಡ್ದೆ ಮಗಾ. ಮೊದ್ಲಾದ್ರೆ ಅದು ನಮ್ಮನ್ನ ಬುಟ್ಟು ಓಯ್ತಿರ್ನಿಲ್ಲ."