ಇಪ್ಪತ್ತೈದು ವ್ಯಾಟಿನ ಮಾತು

ಹಳಿಯಾಳದಲ್ಲಿ ನನ್ನದೊಂದು ಸಣ್ಣ ಅಂಗಡಿ. ಗಾಡಿಗಳಿಗೆ ವಾಯರ್‌ಲೆಸ್ ಸೆಟ್ ಕೂಡಿಸುವುದು, ಕೆಟ್ಟರೆ ದುರಸ್ತಿ ಮಾಡುವುದು ನನ್ನ ಕೆಲಸ. ಜೋಯಿಡಾದ ಕಾಡಿನೊಳಗೆ ಹೊಕ್ಕರೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಹೀಗಾಗಿ ಪ್ರವಾಸಿಗರ ಜೀಪು, ಕಬ್ಬಿನ ಲಾರಿ, ಗೋವಿನಜೋಳದ ಪಿಕಪ್ಪು, ಎಲ್ಲಕ್ಕೂ ಇವತ್ತಿಗೂ ಈ ಸೆಟ್ಟೇ ಗತಿ. ಅಂಗಡಿಗೆ ಬಂದವರು ಮೊದಲು ನನ್ನ ಮುಖ ನೋಡಿ, "ಮಿಸ್ತ್ರಿ ಎಲ್ಲಿ ಹೋಗ್ಯಾರ್ರಿ ಅಕ್ಕಾರ?" ಅನ್ನುತ್ತಾರೆ. "ನಾನ ಮಿಸ್ತ್ರಿ" ಅಂದರೆ, "ಇರ್ಲಿ ಬಿಡ್ರಿ, ಅವರು ಬರೂತನಕ ಕೂಡ್ತೇನಿ" ಅನ್ನುತ್ತಾರೆ. ಹಾಗೆ ಕೂತವರೊಬ್ಬರು ಎರಡು ತಾಸು ಕೂತು, ಎರಡು ಚಹಾ ಕುಡಿದು, "ಭಾಳ ಬಿಜಿ ಮನಷ್ಯಾ" ಎಂದು ಇಲ್ಲದ ಮಿಸ್ತ್ರಿಯನ್ನು ಹೊಗಳಿ ಎದ್ದು ಹೋದರು. ದಿನ ಶುರುವಾಗುವುದೇ ಹೀಗೆ ಅಂದಮೇಲೆ ಮುಂದಿನದು ಹೇಗಿರಬೇಕು, ನೀವೇ ನೋಡಿ.

ಸೀಟಿನ ಕೆಳಗಿನ ಕಾಳಜಿ

ದಾಂಡೇಲಿಯಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವ ಮಾಲೀಕರೊಬ್ಬರ ಹತ್ತಿರ ಎರಡು ಜೀಪುಗಳಿದ್ದವು. ಎರಡಕ್ಕೂ ನಾನೇ ಒಂದೇ ಥರದ ಸೆಟ್ ಕೂಡಿಸಿದ್ದೆ, ಇಪ್ಪತ್ತೈದು ವ್ಯಾಟಿನವು. ಒಂದು ಜೀಪು ಗುಡ್ಡದಾಚೆಯಿಂದ ಮಾತಾಡಿದರೂ ಕಾಳು ಕಾಳಾಗಿ ಕೇಳುತ್ತಿತ್ತು. ಇನ್ನೊಂದು ಮನೆಯಂಗಳ ದಾಟಿ ಸೇತುವೆ ಮುಟ್ಟುವುದರೊಳಗೆ ಮೂಕ.

ಮಾಲೀಕರು ಫೋನ್ ಮಾಡಿ ಬೈದರು. "ಈ ಸೆಟ್ಟಿಗೆ ತಾಕತ್ತ ಇಲ್ರಿ. ಐವತ್ತು ವ್ಯಾಟ್ ಮಾಡಿಕೊಡ್ರಿ. ಆಗದಿದ್ರ ನೂರ ಮಾಡ್ರಿ."

ಮೀಟರ್ ತಗೊಂಡು ಹೋದೆ. ಸೆಟ್ಟಿನಿಂದ ಇಪ್ಪತ್ತೈದು ವ್ಯಾಟ್ ಸರಿಯಾಗಿ ಹೊರಗೆ ಹೋಗುತ್ತಿದೆ. ಆದರೆ ಇಪ್ಪತ್ತು ವ್ಯಾಟ್ ಹೋದ ದಾರಿಯಲ್ಲೇ ವಾಪಸ್ ಬರುತ್ತಿದೆ. ಅಂದರೆ ಆಂಟೆನಾದಲ್ಲಿ ಏನೋ ತಕರಾರು. ತಲೆ ಎತ್ತಿ ನೋಡಿದರೆ ಜೀಪಿನ ಮೇಲೆ ಆಂಟೆನಾನೇ ಇಲ್ಲ.

"ಆಂಟೆನಾ ಎಲ್ಲೈತಿ?" ಅಂತ ಡ್ರೈವರನನ್ನು ಕೇಳಿದೆ.

ಆತ ಜೋಯಿಡಾದ ಕಡೆಯವನು, ಭಾಳ ಶಿಸ್ತಿನ ಮನುಷ್ಯ. ಹೆಮ್ಮೆಯಿಂದ ಸೀಟು ಎತ್ತಿ ತೋರಿಸಿದ. ಜಾಕು, ಪಾನಾಗಳ ನಡುವೆ, ಹಳೇ ಟವೆಲಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಆಂಟೆನಾ ಮಲಗಿತ್ತು. ವಾಯರು ಮಾತ್ರ ಕೂಡಿಸಿಯೇ ಇತ್ತು. "ಮ್ಯಾಲಿದ್ರ ಟೊಂಗಿ ಬಡಿತಾವ್ರಿ ಅಕ್ಕಾರ. ಎರಡ ಸಾವಿರ ಕಿಲೋಮೀಟರ್ ಓಡೇತಿ, ಒಂದ ಗೆರಿ ಬಿದ್ದಿಲ್ಲ ನೋಡ್ರಿ."

ನಾನು ಮಾಲೀಕರಿಗೆ ಎಲ್ಲ ಬಿಡಿಸಿ ಹೇಳಿದೆ. ಆಂಟೆನಾ ಎತ್ತರದಲ್ಲಿರಬೇಕು, ಸುತ್ತ ಬಯಲಿರಬೇಕು, ತಗಡಿನ ಪೆಟ್ಟಿಗೆಯಲ್ಲಿ ಇಟ್ಟರೆ ಎಷ್ಟು ವ್ಯಾಟ್ ಇದ್ದರೂ ಉಪಯೋಗವಿಲ್ಲ ಅಂತ. ಅವರು ಗಂಭೀರವಾಗಿ ತಲೆಯಾಡಿಸುತ್ತ ಕೇಳಿದರು. ಡ್ರೈವರನ ಮುಖ ನೋಡಿದರು, ಆ ಟವೆಲು ನೋಡಿದರು. ಕಡೆಗೆ ಅಂದರು, "ಖರೇ ಐತ್ರಿ. ಆದ್ರ ಅಂವಾ ಇಷ್ಟ ಕಾಳಜಿಯಿಂದ ಇಟ್ಟಾನಂದ್ರ ತಗಸೂದ ಹೆಂಗ? ಸೀಟಿನ ಕೆಳಗಿಂದ ಮಾತಾಡಾಕ ಎಷ್ಟ ವ್ಯಾಟ್ ಬೇಕು, ಅಷ್ಟ ಹೇಳಿಬಿಡ್ರಿ."

ಆನೆ

ಕಬ್ಬಿನ ಲಾರಿಗಳ ಉಸ್ತುವಾರಿ ನೋಡುವ ಸಾಹೇಬರೊಬ್ಬರಿದ್ದರು. ಲಾರಿ ಎಷ್ಟು ದೂರವಿದೆಯೋ ಅಷ್ಟು ಜೋರಾಗಿ ಒದರುವುದು ಅವರ ಪದ್ಧತಿ. ಲಾರಿ ಹಳಿಯಾಳದಲ್ಲಿದ್ದರೆ ಜೀಪಿನಲ್ಲಿ ಕೂತೇ ಮಾತಾಡುತ್ತಿದ್ದರು. ಮುಂಡಗೋಡದಲ್ಲಿದ್ದರೆ ಎದ್ದು ನಿಲ್ಲುತ್ತಿದ್ದರು. ಅದನ್ನೂ ದಾಟಿತೆಂದರೆ ಜೀಪಿನಿಂದ ಇಳಿದು, ಆ ದಿಕ್ಕಿಗೆ ಮುಖ ಮಾಡಿ, ಮೈಕಿನ ವಾಯರು ಎಳೆದುಕೊಂಡು ಕೂಗುತ್ತಿದ್ದರು. ವರ್ಷಕ್ಕೆ ಮೂರು ಮೈಕು ಬದಲಿಸಬೇಕಾಗುತ್ತಿತ್ತು.

ಒಂದು ದಿನ ಕೂಡಿಸಿಕೊಂಡು ತಿಳಿಸಿ ಹೇಳಿದೆ. "ಸಾಹೇಬ್ರ, ನೀವು ಒದರಿದ್ರೂ ಇಪ್ಪತ್ತೈದ ವ್ಯಾಟ್, ಮೆಲ್ಲಕ ಮಾತಾಡಿದ್ರೂ ಇಪ್ಪತ್ತೈದ ವ್ಯಾಟ್. ಒದರಿದ್ರ ಮಾತು ಒಡೀತೈತಿ, ಅಷ್ಟ."

ಅವರಿಗೆ ಬಹಳ ಆಶ್ಚರ್ಯವಾಯಿತು. "ಅಂದ್ರ ಇಷ್ಟ ವರ್ಷ ನಾ ಸುಮ್ಮಸುಮ್ಮಕ ಒದರೇನಿ?"

"ಹೌದ್ರಿ."

ಮರುದಿನ ಬೆಳಿಗ್ಗೆ ಮೈಕು ತುಟಿಗೆ ಹಚ್ಚಿ, ಮಲಗಿದ ಕೂಸಿನ ಕಿವಿಯಲ್ಲಿ ಹೇಳುವಂತೆ ಪಿಸುಗುಟ್ಟಿದರಂತೆ: "ಎಲ್ಲಿ ಅದೀರಿ? ಹುಷಾರಲೇ ಬರ್ರಿ."

ಏಳು ಲಾರಿಗಳು ಸಾಲಾಗಿ ಕಾಡಿನ ರಸ್ತೆಯಲ್ಲಿ ಬರುತ್ತಿದ್ದವು. ಮುಂದಿನ ಡ್ರೈವರ್ ಗಕ್ಕನೆ ಬ್ರೇಕು ಹಾಕಿ ಎಂಜಿನ್ ಬಂದ್ ಮಾಡಿದ. ಹಿಂದಿನ ಆರೂ ಬಂದ್ ಮಾಡಿದವು. ಸೆಟ್ಟಿನಲ್ಲಿ ಏಳೂ ಜನ ಪಿಸಪಿಸ ಶುರು ಮಾಡಿದರು. "ಎಲ್ಲೈತಿ?" "ಕಾಣವಲ್ದು." "ಅಲುಗಾಡಬ್ಯಾಡ್ರಿ." ಕಬ್ಬಿನ ಲಾರಿ ಅಂದರೆ ಆನೆಗೆ ಊಟದ ತಾಟು ಇದ್ದ ಹಾಗೆ; ಡ್ರೈವರುಗಳು ಉಸಿರು ಬಿಗಿ ಹಿಡಿದು ಕೂತರು.

ಒಂದು ತಾಸಾದರೂ ಲಾರಿ ಬರಲಿಲ್ಲವೆಂದು ಸಾಹೇಬರೇ ಜೀಪಿನಲ್ಲಿ ಹೊರಟರು. ಸಾಲಾಗಿ ನಿಂತ ಲಾರಿಗಳನ್ನು ದೂರದಿಂದ ಕಂಡು ಅವರಿಗೂ ಅನುಮಾನ ಬಂತು. ಜೀಪು ಬಿಟ್ಟು, ತುದಿಗಾಲಲ್ಲಿ ನಡೆದು ಬಂದು, ಮುಂದಿನ ಡ್ರೈವರನ ಕಿವಿಯಲ್ಲಿ ಕೇಳಿದರು, "ಯಾಕ ನಿಂತೀರಿ?"

"ಆನಿ ಐತಂತ್ರಿ."

"ಯಾರ ಹೇಳಿದ್ರು?"

"ನೀವ ಪಿಸುಗುಟ್ಟಿ ಹೇಳಿದ್ರೆಲ್ರಿ, ಹುಷಾರಲೇ ಬರ್ರಿ ಅಂತ."

ಸಾಹೇಬರು ಮೆಲ್ಲಗೆ ಲಾರಿ ಹತ್ತಿ ಅವನ ಪಕ್ಕ ಕೂತು ಬಾಗಿಲು ಹಾಕಿಕೊಂಡರಂತೆ. "ಹಂಗಾದ್ರ ಇರಬೇಕ ಬಿಡು."

ಮಳೆ ಬಂದರೆ

ಟಿಬೆಟನ್ ಕಾಲೊನಿಯ ಹಿರಿಯರೊಬ್ಬರು ಮುಂಡಗೋಡದ ಗೋವಿನಜೋಳದ ವ್ಯಾಪಾರಿಯೊಬ್ಬರಿಗೆ ಪಿಕಪ್ ಓಡಿಸುತ್ತಾರೆ. ಬೆಳೆದದ್ದೆಲ್ಲ ಇಲ್ಲೇ. ಅವರ ಕನ್ನಡ ನನ್ನದಕ್ಕಿಂತ ಖಡಕ್ಕು. ಅವರ ಗಾಡಿಗೆ ಸೆಟ್ ಕೂಡಿಸಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಮಾತಾಡಲು ಮೈಕಿನ ಗುಂಡಿ ಒತ್ತಿದರೆ ಗಾಜಿನ ಮೇಲಿನ ವೈಪರ್ ಓಡುತ್ತಿತ್ತು. ಬಿಟ್ಟರೆ ನಿಲ್ಲುತ್ತಿತ್ತು. ಆಂಟೆನಾದ ವಾಯರು ವೈಪರಿನ ವಾಯರಿಗೆ ಮೈ ಹಚ್ಚಿಕೊಂಡಿದ್ದರೆ ಹೀಗಾಗುವುದುಂಟು. ತಪ್ಪು ನನ್ನದೇ. ಸರಿಮಾಡಲು ಹೋದೆ.

ಅವರು ಬಾನೆಟ್ಟಿಗೆ ಅಡ್ಡ ನಿಂತರು. "ಮುಟ್ಟಬ್ಯಾಡ್ರಿ. ವೈಪರಿನ ಸ್ವಿಚ್ ಕೆಟ್ಟ ಎರಡ ವರ್ಷಾತು. ಈಗರ ಓಡಾಕತ್ತೇತಿ."

"ಅಜ್ಜಾರ, ಮಳಿ ಬಂದ್ರ ಒಂದ ಸವನ ಮಾತಾಡಬೇಕಾಕ್ಕೈತಿ!"

"ಮಾತಾಡೂಣು ಬಿಡ್ರಿ."

ಮಳೆಗಾಲ ಬಂತು. ಮಳಗಿ ಊರಿನಿಂದ ಮುಂಡಗೋಡದವರೆಗೆ ಮಳೆ ಹಿಡಿದರೆ ಅಷ್ಟೂ ದಾರಿ ಅವರು ಮಾತಾಡಲೇಬೇಕು. ಆ ವ್ಯಾಪಾರಿಯ ಉಳಿದ ಗಾಡಿಗಳೆಲ್ಲ ಕೇಳಲೇಬೇಕು. ಒಬ್ಬರು ಗುಂಡಿ ಒತ್ತಿ ಹಿಡಿದರೆ ಉಳಿದವರ ದನಿ ಏಳುವುದಿಲ್ಲ. ಅವರ ಬಾಲ್ಯ, ಅವರ ಮೊದಲ ಎಮ್ಮೆ, ಮೊಣಕಾಲು ನೋವು, ಎಲ್ಲ ಬಂತು. ಕನ್ನಡ ಮುಗಿದರೆ ತಮ್ಮ ಭಾಷೆಯಲ್ಲಿ ಪ್ರಾರ್ಥನೆ. "ಮಾತಾಡದ ಬರೇ ಗುಂಡಿ ಒತ್ತಿ ಹಿಡೀರಿ, ಸಾಕು" ಎಂದು ನಾನು ಹೇಳಿ ನೋಡಿದೆ. "ಆ ಕಡೆ ಮಂದಿ ಕೇಳಕೋತ ಕೂತಿರ್ತಾರ, ಸುಮ್ನ ಇರೂದು ಮರ್ಯಾದಿ ಅಲ್ರಿ" ಅಂದರು.

ಒಂದು ಮಧ್ಯಾಹ್ನ ವ್ಯಾಪಾರಿಯ ಕಚೇರಿಯಲ್ಲಿ ಸೆಟ್ ನೋಡಿಕೊಳ್ಳುವ ಹೆಣ್ಣುಮಗಳು ನನಗೆ ಫೋನ್ ಮಾಡಿದಳು. ಅಳುವುದೊಂದು ಬಾಕಿ. "ಅಕ್ಕಾರ, ಮೋಡ ಮುಸುಕೇತ್ರಿ. ಹೆಂಗರ ಮಾಡಿ ಮಳಿಕಿಂತ ಮೊದಲ ಬಂದ ದುರಸ್ತಿ ಮಾಡ್ರಿ. ನಿನ್ನಿನ ಮಳ್ಯಾಗ ಅಜ್ಜಾರ ಕಥಿ ಅವರ ಲಗ್ನದತನಕ ಬಂದೇತಿ. ಇನ್ನ ಮಕ್ಕಳು ಆರ ಮಂದಿ ಅದಾರ!"

ಎರಡು ನಿಮಿಷ

ನಾನು ಅಂಗಡಿ ತೆಗೆದಾಗ ಹೆಂಗಸಿನ ಕೈಯಲ್ಲಿ ಗಾಡಿ ಕೊಟ್ಟ ಮೊದಲ ಮನುಷ್ಯ ಹಳಿಯಾಳದ ಒಬ್ಬ ಲಾರಿ ಮಾಲೀಕರು. ಎಲ್ಲರೂ ಇಲ್ಲದ ಮಿಸ್ತ್ರಿಗೆ ಕಾಯುತ್ತಿದ್ದಾಗ ಅವರು ಲಾರಿಯ ಚಾವಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಮೊನ್ನೆ ಅವರು ತೀರಿಕೊಂಡರು. ಮನಸ್ಸಿಗೆ ಭಾಳ ನೋವಾಯಿತು.

ಶ್ರದ್ಧಾಂಜಲಿ ಸಭೆ ಅವರದೇ ಗೋದಾಮಿನ ಪಕ್ಕದ ಸಭಾಭವನದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ವೇದಿಕೆಯ ಮೇಲೆ ಹಾರ ಹಾಕಿದ ದೊಡ್ಡ ಫೋಟೋ. ಪಕ್ಕದಲ್ಲಿ ಸ್ವಾಮಿಗಳು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ತಮ್ಮ, ಬೀಗರು. ನಾನು ಮೂರನೇ ಸಾಲಿನಲ್ಲಿದ್ದೆ. ಸ್ವಾಮಿಗಳು ಮಾತಾಡಿ, ಎರಡು ನಿಮಿಷ ಮೌನ ಆಚರಿಸೋಣ ಅಂದರು. ಎಲ್ಲರೂ ಎದ್ದು ನಿಂತೆವು. ನಿರೂಪಕರು ಕೈಯಲ್ಲಿದ್ದ ಕಾರ್ಡ್‌ಲೆಸ್ ಮೈಕು ಬಂದ್ ಮಾಡಿದರು.

ಕಾರ್ಡ್‌ಲೆಸ್ ಮೈಕೂ ಒಂದು ಸಣ್ಣ ವಾಯರ್‌ಲೆಸ್ಸೇ. ಅದು ಬಂದಾದರೆ ವೇದಿಕೆಯ ಮೇಲಿನ ಪೆಟ್ಟಿಗೆ ಬೇರೆ ಯಾರ ದನಿ ಸಿಗುತ್ತದೋ ಎಂದು ಕಿವಿ ತೆರೆದುಕೊಂಡು ಕೂತಿರುತ್ತದೆ. ಅಗ್ಗದ ಪೆಟ್ಟಿಗೆಯಾದರಂತೂ ಯಾರಾದರೂ ನಡೆಯುತ್ತದೆ.

ಅರ್ಧ ನಿಮಿಷವಾಗಿರಬೇಕು. ಫೋಟೋದ ಎರಡೂ ಬದಿಯ ಸ್ಪೀಕರಿನಿಂದ ಗಂಡಸಿನ ಗಡಸು ದನಿ ಬಂತು.

"ಹಲೋ, ನಾ ಬಂದ ಮುಟ್ಟೇನ್ರಿ."

ಬಾಗಿದ ತಲೆಗಳೆಲ್ಲ ಫೋಟೋದ ಕಡೆ ಎದ್ದವು.

"ಗೇಟ್ ಹಾಕೇತ್ರಿ. ಒಳಗ ಬಿಡವಲ್ರು. ಪಟ್ಟಿಯೊಳಗ ನನ್ನ ಹೆಸರಿಲ್ಲಂತ."

ನನಗೆ ಹೊಳೆದುಹೋಯಿತು. ಹಿಂದಿನ ದಿನವಷ್ಟೇ ಅವರ ಒಂದು ಲಾರಿಯ ಸೆಟ್ಟನ್ನು ನಾನೇ ಪೂರ್ತಿ ಪವರಿಗೆ ಏರಿಸಿ ಕೊಟ್ಟಿದ್ದೆ. ಆ ಲಾರಿ ಗೋದಾಮಿನ ಗೇಟಿನ ಮುಂದೆ, ಅಂದರೆ ಸಭಾಭವನದ ಗೋಡೆಗೆ ಒತ್ತಿ ನಿಂತು, ಕಾವಲುಗಾರನ ಮೇಲೆ ಕಚೇರಿಗೆ ದೂರು ಹೇಳುತ್ತಿದೆ! ಆದರೆ ಮೌನದ ನಡುವೆ ನಾನು ಹೇಗೆ ಬಾಯಿ ತೆರೆಯಲಿ?

ಮೃತರ ತಮ್ಮ ಫೋಟೋದ ಕಡೆ ಕೈಮುಗಿದು ಕೇಳಿದರು, "ಅಣ್ಣಾ, ಯಾವ ಪಟ್ಟಿ?"

ದನಿ ಉತ್ತರ ಕೊಟ್ಟಂತೆ ಬಂತು. "ಇಲ್ಲೆ ಭಾಳ ಸೆಖಿ ಐತ್ರಿ, ನಿಲ್ಲಾಕ ಆಗವಲ್ದು. ಯಾರರ ದೊಡ್ಡವರು ಒಂದ ಮಾತ ಹೇಳಿದ್ರ ಬಿಡ್ತಾರಂತ್ರಿ."

ಇಡೀ ಸಭೆ ಸ್ವಾಮಿಗಳ ಕಡೆ ತಿರುಗಿತು. ಸ್ವಾಮಿಗಳು ತಮ್ಮ ಪಾದ ನೋಡಿಕೊಂಡರು.

ಇನ್ನು ತಡೆಯುವುದಾಗಲಿಲ್ಲ. ಪಕ್ಕದವರನ್ನು ದಾಟಿ, ಒಬ್ಬರ ಕಾಲು ತುಳಿದು ಬಾಗಿಲಿಗೆ ಓಡಿದೆ. "ಪಾಪ, ಆಕೀಗೆ ತಡಕೊಳ್ಳಾಕ ಆಗಲಿಲ್ಲ" ಎಂದು ಯಾರೋ ಕಣ್ಣೊರೆಸಿಕೊಂಡರು. ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಮತ್ತೆ ಅದೇ ದನಿ, ಈ ಸಲ ಬಹಳ ಮೆತ್ತಗೆ:

"ನಂದ ತಪ್ಪಾತ್ರಿ. ನಿಮ್ಮ ಮಾತ ಕೇಳಬೇಕಾಗಿತ್ತು."

ಹೆಂಗಸರು ಗೊಳೋ ಎಂದರು. ಮೃತರ ತಮ್ಮ ಫೋಟೋದ ಮುಂದೆ ಅಡ್ಡಬಿದ್ದರು. ಆಗ ಮೃತರ ಹೆಂಡತಿ ಸೆರಗು ಸರಿಮಾಡಿಕೊಂಡು ಸಭೆಯ ಕಡೆ ತಿರುಗಿದರು.

"ಯಾರೂ ಅಳಬ್ಯಾಡ್ರಿ, ಇದು ಅವರ ಧ್ವನಿ ಅಲ್ಲ. ನಲವತ್ತ ವರ್ಷ ಅವರ ಜೋಡಿ ಬಾಳೇ ಮಾಡೇನಿ, ಒಮ್ಮಿನೂ ಆ ಮಾತ ಅಂದವರಲ್ಲ."